ಚಾರ್ಜರ್ ಕಿಂಡಿಯ ಕೆಂಪಕ್ಕಿ

“ಸ್ವಲ್ಪ ಆಚೆ ನಿಲ್ಲು ಮಾರಾಯ. ನೀನು ಹೀಗೆ ಬುಸುಗುಟ್ಟಿದರೆ ನನ್ನ ತಿರುಪು ಹಾರಿ ಹೋಗ್ತದೆ,” ಎಂದಳು ಜುಬೈದಾ, ತಲೆ ಎತ್ತದೆ.

ಸ್ಕಂದ ಎರಡು ಹೆಜ್ಜೆ ಹಿಂದೆ ಸರಿದ. ಬುಸುಗುಟ್ಟುವುದನ್ನು ಮಾತ್ರ ಬಿಡಲಿಲ್ಲ.

ಮೇಜಿನ ಮೇಲೆ ಹಳದಿ ಬಣ್ಣದ ಗೇಮ್ ಕನ್ಸೋಲ್ ಬೋರಲಾಗಿ ಮಲಗಿತ್ತು. ಎರಡು ಕೈಯಲ್ಲಿ ಹಿಡಿದು ಆಡುವಂಥದ್ದು, ಅಂಗೈಗಿಂತ ತುಸು ದೊಡ್ಡದು. ಹೋದ ವಾರ ಶುಕ್ರವಾರ ಸಂಜೆ ಸ್ಕಂದನ ಚೀಲದಿಂದ ಮಾಯವಾಗಿದ್ದ ಈ ಯಂತ್ರ ಬುಧವಾರ ಬೆಳಿಗ್ಗೆ ಅವನದೇ ಫ್ಲಾಟಿನ ಬಾಗಿಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ನೇತುಬಿದ್ದಿತ್ತು. ನೀರು ಕುಡಿದು ಕೆಟ್ಟುಹೋಗಿತ್ತು.

ಜುಬೈದಾಳಿಗೆ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಹೊಸ ಯಂತ್ರಗಳನ್ನು ಪರೀಕ್ಷಿಸುವ ಕೆಲಸ. ರಜೆಯ ದಿನ ಮನೆಯಲ್ಲಿ ಕೂತು ಸತ್ತ ಫೋನು, ಸತ್ತ ಆಟಿಕೆಗಳಿಗೆ ಜೀವ ತುಂಬುವ ಹುಚ್ಚು. ಮಂಜೇಶ್ವರದ ಈ ಹೆಣ್ಣುಮಗಳ ಬಗ್ಗೆ ಕೊಚ್ಚಿಯ ಕನ್ನಡಿಗರಲ್ಲಿ ಒಂದು ಮಾತಿತ್ತು. ಏನಾದರೂ ರಿಪೇರಿಗೆ ಕೊಟ್ಟರೆ, ಅದು ಹೇಗೆ ಕೆಟ್ಟಿತು, ಯಾರು ಕೆಡಿಸಿದರು ಎಂಬುದನ್ನೂ ಸೇರಿಸಿಯೇ ವಾಪಸು ಕೊಡುತ್ತಾಳೆ. ಹಾಗಾಗಿ ಕೆಲವು ಗಂಡಸರು ಅವಳ ಕೈಗೆ ಫೋನು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

“ಇದ್ರಲ್ಲಿ ಇನ್ನೇನಕ್ಕ ಪತ್ತೆ ಮಾಡೋದಿದೆ?” ಎಂದ ಸ್ಕಂದ. “ವಿನಾಯಕನೇ ಮಾಡಿದ್ದು. ಇದನ್ನ ನೀರಿಗೆ ಒಗೀತೇನಿ ಅಂತ ಅವನೇ ಬಾಯಿಬಿಟ್ಟು ಕೂಗಿದ್ನಲ್ಲ. ಬೇಕಾದ್ರೆ ಹರ್ಷಿತಾನ ಕೇಳು, ಪಕ್ಕದಲ್ಲೇ ಕೂತಿದ್ಲು.”

ಹರ್ಷಿತಾ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಜುಬೈದಾಳ ಜೊತೆ ಮೂರು ವರ್ಷದಿಂದ ಇದೇ ಫ್ಲಾಟಿನಲ್ಲಿ ಇರುವವಳು, ಬೆಂಗಳೂರಿನವಳು. ಜುಬೈದಾ ಬಿಡಿಸಿದ ಒಗಟುಗಳಲ್ಲಿ ಅರ್ಧಕ್ಕೆ ಸಾಕ್ಷಿಯಾಗಿದ್ದವಳೂ ಅವಳೇ.

“ಕೇಳಿಸ್ಕೊಂಡೆ ಕಣೆ. ಆ ಶುಕ್ರವಾರ ಸಂಜೆ ವಾಟರ್ ಮೆಟ್ರೋದಲ್ಲಿ ಅರ್ಧ ದೋಣಿಗೆ ಕೇಳಿಸ್ತು. ಕನ್ನಡ ಬರದ ಮಲಯಾಳಿ ಚೇಟ್ಟಂದಿರೂ ತಿರುಗಿ ನೋಡಿದ್ರು,” ಎಂದಳು ಅವಳು.

ಜಗಳ ಹುಟ್ಟಿದ್ದು ಆಟದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದರಿಂದ. ಮೈಸೂರಿನ ಸ್ಕಂದ, ಹುಬ್ಬಳ್ಳಿಯ ವಿನಾಯಕ್, ಒಂದೇ ಆಫೀಸಿನ ಗೆಳೆಯರಿಬ್ಬರು ಸೇರಿ ಎರಡು ವರ್ಷದಿಂದ ಒಂದು ಆಟ ಕಟ್ಟುತ್ತಿದ್ದರು. ಅದರ ಹೆಸರು ‘ಅಂಚೆ ದೋಣಿ’. ವಲ್ಲಾರ್ಪಾಡಂ ಕಡೆಯ ದೈತ್ಯ ಕಂಟೇನರ್ ಹಡಗುಗಳ ನಡುವೆ ನುಸುಳಿಕೊಂಡು ದ್ವೀಪದಿಂದ ದ್ವೀಪಕ್ಕೆ ಕಾಗದ ಹಂಚುವ ಒಂದು ಪುಟ್ಟ ದೋಣಿಯ ಕಥೆ. ಚಿತ್ರ ಸ್ಕಂದನದು, ಲೆಕ್ಕಾಚಾರ ವಿನಾಯಕನದು. ಆಟವನ್ನು ಯಂತ್ರದ ಒಳಗೇ ಬರೆದು, ಅಲ್ಲೇ ಆಡಿ ನೋಡುವಂಥ ಕನ್ಸೋಲ್ ಅದು. ಹವ್ಯಾಸದವರಿಗೆಂದು ಆಫೀಸೇ ಕೊಟ್ಟಿದ್ದು.

ಆಫೀಸಿನಲ್ಲಿ ಇಬ್ಬರದೂ ಒಂದೇ ಕೆಲಸ. ಕಂಡವರ ಮಾಹಿತಿಗೆಲ್ಲ ನಕಲು ತೆಗೆದು ಜೋಪಾನ ಮಾಡುವುದು. ತಮ್ಮ ಆಟಕ್ಕೆ ಮಾತ್ರ ಒಂದು ನಕಲೂ ತೆಗೆದಿರಲಿಲ್ಲ. ಸ್ಕಂದ ತೆಗೆದಿದ್ದಾನೆಂದು ವಿನಾಯಕ್ ನಂಬಿದ್ದ, ವಿನಾಯಕ್ ತೆಗೆದಿದ್ದಾನೆಂದು ಸ್ಕಂದ. ಹಾಗಾಗಿ ಎರಡು ವರ್ಷದ ಸಂಜೆಗಳೆಲ್ಲ ಈಗ ಈ ಹಳದಿ ಡಬ್ಬಿಯಲ್ಲೇ ಇದ್ದವು.

“ಸೋಮವಾರ ಬೆಳಿಗ್ಗೆ ಆಫೀಸಿಗೆ ಕಂಪ್ಲೇಂಟ್ ಕೊಡ್ತೀನಿ. ಆಫೀಸಿನ ವಸ್ತು ಕದ್ದು ಹಾಳು ಮಾಡಿದ್ದಾನೆ. ಕೆಲಸ ಹೋದ್ರೆ ಹೋಗ್ಲಿ,” ಎಂದ ಸ್ಕಂದ.

ಹೋದರೆ ಹೋಗಲಿ ಎನ್ನುವಷ್ಟು ಸಣ್ಣ ಮಾತಲ್ಲ ಅದು. ಹಿಂದಿನ ಸಂಜೆ ವಿನಾಯಕ್ ಇದೇ ಕುರ್ಚಿಯಲ್ಲಿ ಕೂತು ಹೋಗಿದ್ದ. “ಅಕ್ಕಾರ, ಸಿಟ್ಟಿನ್ಯಾಗ ಅಂದೆ, ಖರೆ. ಆದ್ರ ನಾ ಅದನ್ನ ಮುಟ್ಟಿಲ್ರಿ,” ಎಂದವನ ಕಣ್ಣಲ್ಲಿ ನೀರಾಡಿತ್ತು. ಕಳ್ಳತನದ ಮಸಿ ಮೆತ್ತಿಕೊಂಡು ಹೊರಬಿದ್ದವನಿಗೆ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ? ಜುಬೈದಾ ಹಿಂದೆಮುಂದೆ ನೋಡದೆ, “ನಿನಗೆ ಏನೂ ಆಗುದಿಲ್ಲ, ನಾನಿದ್ದೇನೆ,” ಎಂದುಬಿಟ್ಟಿದ್ದಳು. ಮಾತು ಕೊಟ್ಟಾಗಿತ್ತು. ಇನ್ನು ಉಳಿಸಿಕೊಳ್ಳಬೇಕಿತ್ತು.

ಕೊನೆಯ ತಿರುಪು ಬಂತು. ಜುಬೈದಾ ಗಿಟಾರ್ ಮೀಟುವ ಹಳೆಯ ಬಿಲ್ಲೆಯೊಂದನ್ನು ಅಂಚಿಗೆ ತೂರಿಸಿ ಹಿಂಬದಿಯ ಮುಚ್ಚಳ ಎತ್ತಿದಳು. ಮೊದಲು ಬ್ಯಾಟರಿಯ ತಂತಿ ಬಿಡಿಸಿ ಬ್ಯಾಟರಿಯನ್ನು ದೂರ ಇಟ್ಟಳು. ನೀರು ತಾಗಿದರೆ ಬಣ್ಣ ಬದಲಿಸುವ ಸಣ್ಣ ಬಿಳಿ ಚೀಟಿ ಒಳಗೆ ಕೆಂಪಾಗಿತ್ತು.

“ನೋಡಿದ್ಯಾ? ಹಿನ್ನೀರು,” ಎಂದ ಸ್ಕಂದ.

“ಹಿನ್ನೀರು ಅಂತ ಅದರಲ್ಲಿ ಬರ್ಕೊಂಡು ಉಂಟಾ? ಸುಮ್ಮನಿರು.”

ಅವಳು ಲೋಹದ ತೆಳು ಹೊದಿಕೆಯನ್ನು ಮೆಲ್ಲಗೆ ಎಬ್ಬಿಸಿದಳು. ದೀಪ ಹತ್ತಿರಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಒಂದು ನಗು ಮೂಡಿತು. ಈ ನಗು ಕಂಡರೆ ಹರ್ಷಿತಾಳಿಗೆ ಗೊತ್ತು, ಇನ್ನು ಕಾಫಿ ಆರಿಹೋದರೂ ಇವಳು ಕುಡಿಯುವುದಿಲ್ಲ.

“ಸ್ಕಂದಾ, ನೀರಿಗೆ ಒಗೆದಿದ್ದರೆ ಎಲ್ಲಿ ಒಗೀಬೇಕಿತ್ತು?”

“ದೋಣಿಯಿಂದ. ಇಲ್ಲಾ ಜೆಟ್ಟಿಯಿಂದ.”

“ಅಲ್ಲಿಯ ನೀರಿಗೆ ಉಪ್ಪು. ಇಷ್ಟು ದಿನದಲ್ಲಿ ತಾಮ್ರವೆಲ್ಲ ಹಸಿರು ಕಟ್ಟಿ, ಬಿಳಿ ಹುಡಿ ಎದ್ದು, ಇದು ನೋಡ್ಲಿಕ್ಕೆ ಆಗದ ಹಾಗೆ ಇರ್ತಿತ್ತು. ಇಲ್ಲಿ ಎಲ್ಲಿ ಉಂಟು ಹಸಿರು? ತೋರಿಸು.”

ಸ್ಕಂದ ಬಗ್ಗಿ ನೋಡಿದ. ಹಸಿರು ಕಾಣಲಿಲ್ಲ. ಹಲಗೆಯ ಮೂಲೆಯಲ್ಲಿ ನೀರು ನಿಂತು ಆರಿದ ಕಡೆ ತೆಳ್ಳಗೆ ಒಂದು ಗುಲಾಬಿ ಕಲೆ ಮಾತ್ರ ಇತ್ತು.

“ಯಾವುದೋ ಜ್ಯೂಸ್ ಇರ್ಬೇಕು,” ಎಂದಳು ಹರ್ಷಿತಾ.

“ಜ್ಯೂಸಾದರೆ ಅಂಟುತ್ತದೆ ಮಾರಾಯ್ತಿ. ಇದು ಅಂಟಿಲ್ಲ.” ಜುಬೈದಾ ಬೆರಳ ತುದಿಯಿಂದ ಮುಟ್ಟಿ ನೋಡಿದಳು. “ಇದು ಕುಡಿಯುವ ನೀರು. ಪತಿಮುಖಂ ಮರದ ಚಕ್ಕೆ ಹಾಕಿ ಕುದಿಸ್ತಾರಲ್ಲ, ಈ ಊರಿನ ಹೋಟೆಲಿನಲ್ಲಿ ಕೂತ ತಕ್ಷಣ ತಂದಿಡ್ತಾರಲ್ಲ, ಆ ಗುಲಾಬಿ ಬಣ್ಣದ ನೀರು.”

ವಿನಾಯಕನ ಫ್ಲಾಟಿನಲ್ಲಿ ಇರುವುದು ಗೋಡೆಗೆ ಹಾಕಿದ ಫಿಲ್ಟರು, ಅದು ಸ್ಕಂದನಿಗೂ ಗೊತ್ತು.

“ಹೋಟೆಲಿನಲ್ಲಿ ಮುಳುಗಿಸಿರ್ಬಹುದು,” ಎಂದ, ಮೊದಲಿನ ಹುರುಪಿಲ್ಲದೆ.

ಜುಬೈದಾಳ ಗಮನ ಚಾರ್ಜರ್ ಚುಚ್ಚುವ ಕಿಂಡಿಯ ಕಡೆ ಹೋಗಿತ್ತು. ಚಿಮಟಿ ತೂರಿಸಿ ಏನನ್ನೋ ಹೊರಗೆಳೆದು ಬಿಳಿ ಕಾಗದದ ಮೇಲೆ ಇಟ್ಟಳು. ಒಂದು ಅಕ್ಕಿಯ ಚೂರು. ಅದರ ಜೊತೆಗೆ ಒಣಗಿದ ಎಲೆಯ ತುಣುಕು.

“ಅಯ್ಯೋ ನನ್ನ ಕರ್ಮವೇ, ಅಕ್ಕಿಯಲ್ಲಿ ಹೂತಿಟ್ಟಿದ್ದಾರೆ!” ಎಂದು ಅವಳು ಹಣೆ ಚಚ್ಚಿಕೊಂಡಳು. “ಎಷ್ಟು ಸಲ ಹೇಳುದು ಜನಕ್ಕೆ? ಅಕ್ಕಿ ಇರುವುದು ಬೇಯಿಸ್ಲಿಕ್ಕೆ. ಅದು ಯಂತ್ರದ ಒಳಗಿನ ನೀರು ಹೀರುದಿಲ್ಲ. ಹುಡಿ ತುಂಬಿಸ್ತದೆ, ಅಷ್ಟೇ.”

ಬೈಯುತ್ತಲೇ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಯಂತ್ರವನ್ನು ಹಾಳು ಮಾಡಲೆಂದೇ ನೀರಿಗೆ ಹಾಕಿದವನು ಅದನ್ನು ಅಕ್ಕಿಯಲ್ಲಿ ಹೂತಿಡುವುದಿಲ್ಲ. ಯಾರೋ ಅಯ್ಯೋ ಎಂದಿದ್ದಾರೆ, ಗಾಬರಿಯಾಗಿ ಉಳಿಸಲು ಒದ್ದಾಡಿದ್ದಾರೆ. ಆ ಮಾತನ್ನು ಸ್ಕಂದನಿಗೆ ಹೇಳಿದಾಗ ಅವನು ಮೊದಲ ಸಲ ಕುರ್ಚಿಯಲ್ಲಿ ಕೂತ.

“ಮತ್ತೆ ನೋಡು ಈ ಅಕ್ಕಿ. ದಪ್ಪ, ಮೈಯೆಲ್ಲ ಕೆಂಪು ಗೆರೆ. ಇದು ಮಟ್ಟ ಅಕ್ಕಿ. ವಿನಾಯಕನ ಅಡುಗೆಮನೆಯಲ್ಲಿ ರೊಟ್ಟಿ ಬಿಟ್ಟರೆ ಸೋನಾಮಸೂರಿ. ನಿನ್ನಲ್ಲಿಯೂ ಅದೇ, ನಮ್ಮಲ್ಲಿಯೂ ಅದೇ. ಊರಿಂದ ಬಸ್ಸಿನಲ್ಲಿ ಮೂಟೆ ತರಿಸ್ತೀರಲ್ಲ, ಈ ಊರಿನ ಅಕ್ಕಿ ಗಂಟಲಲ್ಲಿ ಇಳಿಯುದಿಲ್ಲ ಅಂತ.”

“ಹಾಗಾದ್ರೆ ಯಾರೋ ಮಲಯಾಳಿಗಳು,” ಎಂದಳು ಹರ್ಷಿತಾ ತಕ್ಷಣ. “ಬಿಡು ಜುಬೈದಾ, ಈ ಊರಲ್ಲಿ ಮಟ್ಟ ಅಕ್ಕಿ ತಿನ್ನೋರನ್ನ ಹುಡುಕ್ಕೊಂಡು ಹೋದ್ರೆ ಜನ್ಮ ಸಾಲಲ್ಲ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಜುಬೈದಾ ಎಲೆಯ ತುಣುಕನ್ನು ಮೂಗಿಗೆ ಹಿಡಿದಿದ್ದಳು. ಬೇವು. ಅಕ್ಕಿ ಡಬ್ಬಕ್ಕೆ ಹುಳ ಬಾರದಿರಲೆಂದು ಬೇವಿನೆಲೆ ಹಾಕುವ ಒಬ್ಬರು ಅವಳಿಗೆ ಗೊತ್ತಿತ್ತು. ಅವರ ಮನೆಯಲ್ಲಿ ಮಟ್ಟ ಅಕ್ಕಿಯ ಅನ್ನಕ್ಕೆ ಮೈಸೂರಿನ ಸಾರು ಬಡಿಸುತ್ತಾರೆ, ಕುಡಿಯಲು ಗುಲಾಬಿ ನೀರು ಕೊಡುತ್ತಾರೆ. ಯುಗಾದಿಗೆ ಈ ಹುಡುಗರೆಲ್ಲ ಅಲ್ಲಿ ಊಟಕ್ಕೆ ಹೋಗಿ, ಕೆಂಪು ಅನ್ನ ಕಂಡು ಮುಖ ಕಿವುಚಿ, ಪಾಯಸಕ್ಕೆ ಮಾತ್ರ ನ್ಯಾಯ ಒದಗಿಸಿ ಬಂದಿದ್ದರು. ಅಂಥ ಮನೆ ಇವರ ಬಳಗದಲ್ಲಿ ಒಂದೇ.

ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅನುಮಾನ ಬಂದವರ ಮುಖ ನೋಡಿ ಮಾತಾಡುವ ತನಕ ಅವರ ಹೆಸರು ಯಾರ ಎದುರೂ ಎತ್ತುವುದಿಲ್ಲ ಎಂಬುದು ಅವಳ ಕಟ್ಟುನಿಟ್ಟು. ಹರ್ಷಿತಾಳಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ.

“ಸೋಮವಾರದವರೆಗೆ ತಡ್ಕೊಳ್ತೀಯಾ ಸ್ಕಂದಾ?”

ಸ್ಕಂದ ಅಕ್ಕಿಚೂರನ್ನೇ ನೋಡುತ್ತಿದ್ದ. “ಸೋಮವಾರ ಬೆಳಿಗ್ಗೆವರೆಗೆ,” ಎಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, “ಅವನಲ್ದೇ ಹೋದ್ರೆ ನನಗೂ ಒಳ್ಳೇದೇ ಅಕ್ಕ,” ಎಂದು ಹೇಳಿ ಸರಸರನೆ ಇಳಿದುಹೋದ.

ಆ ಮಧ್ಯಾಹ್ನ ಜುಬೈದಾಳಿಗೆ ಹಬ್ಬ. ಹಲಗೆಯನ್ನು ಬಿಡಿಸಿ, ಶುದ್ಧ ಆಲ್ಕೋಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಇಂಚಿಂಚೂ ಉಜ್ಜಿದಳು. ಗುಲಾಬಿ ಕಲೆ ಕರಗಿ ಹತ್ತಿಗೆ ಇಳಿಯಿತು. ಗುಂಡಿಗಳ ಅಡಿಯ ರಬ್ಬರು, ಪರದೆಯ ಪಟ್ಟಿ, ಸ್ಪೀಕರಿನ ಜಾಲರಿ ಎಲ್ಲವನ್ನೂ ಬಟ್ಟೆಯ ಮೇಲೆ ಸಾಲಾಗಿ ಹರಡಿದಳು. ಎಲ್ಲೂ ಸುಟ್ಟ ಗುರುತಿಲ್ಲ. ಆಟವನ್ನು ಹಿಡಿದಿಟ್ಟ ಮೆಮೊರಿ ಚಿಪ್ಪು ಸಕ್ಕರೆ ಅಚ್ಚಿನಷ್ಟು ಅಚ್ಚುಕಟ್ಟಾಗಿ ತನ್ನ ಜಾಗದಲ್ಲಿ ಕೂತಿತ್ತು. ಕೆಟ್ಟದ್ದನ್ನು ಸರಿಮಾಡುವಾಗ ಅವಳಿಗೆ ಹಸಿವು ನಿದ್ದೆ ಏನೂ ಬೇಕಾಗುವುದಿಲ್ಲ. ಸಣ್ಣಗೆ ಏನೋ ಗುನುಗುತ್ತಾ, ಇದು ಖಂಡಿತ ಏಳುತ್ತದೆ ಎಂದುಕೊಂಡಳು.

“ನಾಳೆ ಸಂಜೆವರೆಗೆ ಫ್ಯಾನಿನ ಗಾಳಿಯಲ್ಲಿ ಒಣಗಲಿ. ನಾನು ಬೆಳಿಗ್ಗೆ ತಿರುವನಂತಪುರಕ್ಕೆ ಹೋಗಿ ಬರ್ತೇನೆ,” ಎಂದಳು.

ಹರ್ಷಿತಾ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು. “ಯಾರ ಮನೆಗೆ?”

“ಹೇಳುದಿಲ್ಲ. ನೀನೂ ಬರ್ತೀಯಾ? ರೈಲಿನಲ್ಲಿ ಒಬ್ಬಳೇ ಬೋರು.”

“ಇಲ್ಲ ಕಣೆ, ತಲೆನೋವು. ಇದನ್ನ ನೋಡ್ಕೊಳ್ಳೋಕೂ ಯಾರಾದ್ರೂ ಬೇಕಲ್ಲ.”

“ಹಾಗಾದರೆ ಒಂದು ಕೆಲಸ. ಭಾಗಗಳನ್ನು ನಾನೇ ಜೋಡಿಸಿಟ್ಟು ಹೋಗ್ತೇನೆ. ಮುಚ್ಚಳ ತೆರೆದೇ ಇರಲಿ. ಬ್ಯಾಟರಿ ಮಾತ್ರ ನಾನು ಬಂದ ಮೇಲೆ. ಆಯ್ತಾ?”

“ಆಯ್ತು ತಾಯಿ,” ಎಂದಳು ಹರ್ಷಿತಾ. ಬೆಳಿಗ್ಗೆ ಅವಳೇ ಎದ್ದು ರೈಲಿಗೆಂದು ಇಡ್ಲಿ ಕಟ್ಟಿಕೊಟ್ಟಳು.

ಭಾನುವಾರದ ಬೆಳಗಿನ ರೈಲು ಖಾಲಿಯಾಗಿತ್ತು. ಜುಬೈದಾ ಕಿಟಕಿಯ ಬಳಿ ಕೂತು ಇಡ್ಲಿ ತಿಂದು, ಆಲಪ್ಪುಳದವರೆಗೆ ನೀರು ನೋಡಿ, ಅಲ್ಲಿಂದ ಮುಂದೆ ಗಾಢವಾಗಿ ನಿದ್ದೆ ಹೊಡೆದಳು. ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದು ಪಟ್ಟಂ ಬಡಾವಣೆ ತಲುಪುವಾಗ ಊಟದ ಹೊತ್ತು. ಬೇಕೆಂದೇ ಹಾಗೆ ಬಂದಿದ್ದಳು.

ಬಾಗಿಲು ತೆರೆದವರು ಸುಮಿತ್ರ. ಗಂಡ ಕೃಷ್ಣಾನಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಅಧಿಕಾರಿ, ನಿವೃತ್ತಿಗೆ ಹತ್ತಿರದಲ್ಲಿದ್ದವರು. ಮಕ್ಕಳಿಲ್ಲದ ಈ ಮೈಸೂರಿನ ದಂಪತಿಗೆ ಕೇರಳದಲ್ಲಿರುವ ಕನ್ನಡದ ಹುಡುಗ ಹುಡುಗಿಯರೆಲ್ಲ ಮಕ್ಕಳೇ. ಯಾರಿಗೆ ಜ್ವರ ಬಂದರೂ ಇವರಿಗೆ ಫೋನು ಬರುತ್ತಿತ್ತು.

“ಬಾರಮ್ಮ ಬಾ! ಹೇಳದೆ ಕೇಳದೆ ಬಂದಿದ್ದೀಯ, ಪುಣ್ಯಕ್ಕೆ ಪಾಲಡ ಪಾಯಸ ಮಾಡಿದ್ದೆ,” ಎಂದರು ಸುಮಿತ್ರ, ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಾ.

ಎಲೆಯ ಮೇಲೆ ಕೆಂಪಗೆ ಅನ್ನ ಬಿತ್ತು. ಅದರ ಮೇಲೆ ಹುರುಳಿಕಾಳಿನ ಬಸ್ಸಾರು, ಬದಿಗೆ ಪಲ್ಯ, ಹಪ್ಪಳ. ಲೋಟದಲ್ಲಿ ಗುಲಾಬಿ ನೀರು. ಕೃಷ್ಣಾನಂದರಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಮಟ್ಟ ಅಕ್ಕಿ ತಿನ್ನಲು ಹೇಳಿದ್ದರಂತೆ. ಗಂಡನಿಗೊಂದು ತನಗೊಂದು ಅನ್ನ ಬೇಯಿಸಲು ಸುಮಿತ್ರರಿಗೆ ಬೇಸರ. ಹಾಗಾಗಿ ಮನೆಗೆಲ್ಲ ಇದೇ. ಜುಬೈದಾ ಕುಚ್ಚಲಕ್ಕಿಯ ನಾಡಿನವಳು. ಅವಳಿಗೆ ಇದು ಪರಮಾನ್ನ. ಎರಡು ಸಲ ಬಡಿಸಿಕೊಂಡು ಉಂಡಳು.

ಕೃಷ್ಣಾನಂದ ತಮ್ಮ ಎಲೆ ನೋಡುತ್ತಿದ್ದರು, ಅವಳ ಕೈಚೀಲ ನೋಡುತ್ತಿದ್ದರು, ಮತ್ತೆ ಎಲೆ ನೋಡುತ್ತಿದ್ದರು.

ಪಾಯಸ ಬಂದಾಗ ಜುಬೈದಾ ಚೀಲದಿಂದ ಮಡಚಿದ ಕಾಗದ ತೆಗೆದು ಅವರ ಎದುರು ಬಿಡಿಸಿದಳು. ಅಕ್ಕಿಯ ಚೂರು, ಬೇವಿನ ತುಣುಕು.

“ಅಂಕಲ್, ಇದು ನಿಮ್ಮ ಮನೆಯದ್ದು. ವಾಪಸು ಕೊಟ್ಟು ಹೋಗುವ ಅಂತ ಬಂದೆ,” ಎಂದಳು.

ಮೊದಲು ನಕ್ಕವರು ಸುಮಿತ್ರ. ನಗು ತಡೆಯಲಾರದೆ ಸೌಟು ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡರು.

“ಹೇಳಿ, ಹೇಳ್ರೀ ಈಗ! ನಾನು ಬಾಯಿ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ್ರಲ್ಲ. ನೋಡಿ, ಅಕ್ಕಿನೇ ಹೋಗಿ ಹೇಳ್ಬಿಟ್ಟಿದೆ.”

ಕೃಷ್ಣಾನಂದರ ಕಿವಿ ಕೆಂಪಾಯಿತು. “ಅಕ್ಕಿ ನೋಡಿ ಮನೆ ಕಂಡುಹಿಡಿದ್ಯಾ? ಭೇಷ್,” ಎಂದರು. ಆಮೇಲೆ ಪೆಚ್ಚಾಗಿ ನಕ್ಕರು. “ನಾನೇ ಕಣಮ್ಮ. ನನ್ನ ಕೈಯಿಂದಲೇ ಆಗಿದ್ದು.”

“ಹೇಗೆ?”

“ನಿಮ್ಮ ಆಂಟಿಗೆ ಹೆದರಿ. ಶನಿವಾರ ಇಡೀ ದಿನ ಆಡ್ತಾ ಇದ್ದೀನಿ ಅಂತ ಬೈದಿದ್ಲು. ಭಾನುವಾರ ಬೆಳಿಗ್ಗೆ ವಾಕಿಂಗ್ ಹೋಗ್ತೀನಿ ಅಂತ ಹೇಳಿ, ಹೋಗದೆ, ಅಡುಗೆಮನೆಯಲ್ಲಿ ನಿಂತ್ಕೊಂಡು ಆಡ್ತಿದ್ದೆ. ಇವಳು ಬಂದ್ಲು. ಬೆನ್ನ ಹಿಂದೆ ಬಚ್ಚಿಟ್ಕೊಂಡೆ. ಹಿಂದೆ ಕಟ್ಟೆ ಮೇಲೆ ಕುಡಿಯೋ ನೀರು ಆರೋಕಿಟ್ಟಿದ್ಲು, ಅಗಲ ಬಾಯಿ ಪಾತ್ರೆ. ಕೈ ಜಾರ್ತು. ಬುಳುಕ್!”

“ನಾನು ಮಾರನೇ ದಿನ ಅಕ್ಕಿ ಅಳೆಯೋಕೆ ಪಾವು ಹಾಕಿದೆ, ಠಣ್ ಅಂತು,” ಎಂದರು ಸುಮಿತ್ರ. “ಡಬ್ಬಕ್ಕೆ ಏನು ಸೇರ್ಕೊಂಡಿದೆಯೋ ಅಂತ ಜೀವ ಬಾಯಿಗೆ ಬಂತು ನಂಗೆ.”

ಜುಬೈದಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಗಿತ್ತು. ವಿನಾಯಕ್ ಮುಳುಗಿಸಿಲ್ಲ. ಇದಕ್ಕೆ ಇಬ್ಬರು ಸಾಕ್ಷಿಗಳು, ಒಂದು ಪಾತ್ರೆ ನೀರು, ಒಂದು ಡಬ್ಬ ಅಕ್ಕಿ. ಆ ಖುಷಿಯಲ್ಲಿ ಯಂತ್ರ ಈ ಮನೆಗೆ ಬಂದದ್ದು ಹೇಗೆಂದು ಕೇಳುವುದನ್ನೂ ಮರೆತಳು.

“ಆಟ ಹೇಗಿತ್ತು ಅಂಕಲ್?”

ಕೃಷ್ಣಾನಂದರ ಮುಖ ಅರಳಿತು. “ಏನು ಚೆನ್ನಾಗಿ ಮಾಡಿದ್ದಾರಮ್ಮ ಹುಡುಗರು! ಆರನೇ ದ್ವೀಪದವರೆಗೆ ಹೋಗಿದ್ದೆ. ಆ ಕ್ರೇನು ಕಂಟೇನರ್ ಬೀಳಿಸುತ್ತಲ್ಲ, ಅಲ್ಲಿ ಪ್ರತಿ ಸಲ ನನ್ನ ದೋಣಿ ಮುಳುಗೋದು. ಆವತ್ತು ದಾಟಿಬಿಟ್ಟಿದ್ದೆ, ಗೊತ್ತಾ? ದಾಟಿ ಕಾಗದ ಕೊಡಬೇಕು, ಅಷ್ಟರಲ್ಲಿ ಇವಳು ಬಂದ್ಲು.” ಆಮೇಲೆ ದನಿ ತಗ್ಗಿಸಿದರು. “ಅದು ಬದುಕುತ್ತಾ ಜುಬೈದಾ? ಎರಡು ವರ್ಷದ ಶ್ರಮ ಅಂತೆ. ಒಂದು ವಾರದಿಂದ ನನಗೆ ಅನ್ನ ಸೇರ್ತಿಲ್ಲ.”

“ಬದುಕ್ತದೆ ಅಂಕಲ್. ನಾನೇ ತೊಳೆದಿದ್ದೇನೆ. ಚಿಪ್ಪಿಗೆ ಏನೂ ಆಗ್ಲಿಲ್ಲ.”

“ಸ್ಕಂದನಿಗೆ ಫೋನ್ ಮಾಡಿ ತಪ್ಪಾಯ್ತಪ್ಪ ಅಂತ ಹೇಳೋಣ ಅಂದ್ಕೊಂಡೆ. ಬೇಡ, ಅವನು ಸಿಟ್ಟಲ್ಲಿದ್ದಾನೆ, ನಾನೇ ನಿಧಾನಕ್ಕೆ ಹೇಳ್ತೀನಿ ಅಂತ ಅವಳೇ ತಡೆದ್ಲು.”

ಫೋನು ತೆಗೆದು ಸ್ಕಂದನ ನಂಬರು ಹುಡುಕುತ್ತಿದ್ದ ಜುಬೈದಾಳ ಬೆರಳು ನಿಂತಿತು. 

“ಯಾರು ತಡೆದದ್ದು? ಆಂಟಿಯಾ?”

“ನಾನ್ಯಾಕೆ ತಡೀಲಮ್ಮ?” ಎಂದರು ಸುಮಿತ್ರ.

“ಹರ್ಷಿತಾ,” ಎಂದರು ಕೃಷ್ಣಾನಂದ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಯಾಕೆ, ನಿನಗೆ ಹೇಳ್ಲಿಲ್ವಾ? ಅವಳೇ ಅಲ್ವೇನಮ್ಮ ಅದನ್ನ ತಂದ್ಕೊಟ್ಟಿದ್ದು. ಆ ಶನಿವಾರ ಬಂದು, ಸ್ಕಂದ ಕಳಿಸಿದ್ದಾನೆ ಅಂಕಲ್, ಆಡಿ ಹೇಗಿದೆ ಹೇಳ್ಬೇಕಂತೆ ಅಂದ್ಲು. ಮಂಗಳವಾರ ಆಫೀಸ್ ಕೆಲಸಕ್ಕೆ ಇಲ್ಲಿಗೆ ಬಂದಾಗ ವಾಪಸು ತಗೊಂಡು ಹೋದ್ಲು. ಕೆಟ್ಟಿದೆ ಅಂದಾಗ ಅವಳ ಮುಖ ನೋಡೋಕಾಗ್ಲಿಲ್ಲ, ಪಾಪ.”

ಜುಬೈದಾಳ ಎದುರು ಪಾಯಸ ಹಾಗೇ ಉಳಿಯಿತು.

ಹರ್ಷಿತಾ ವಾರಕ್ಕೊಮ್ಮೆ ಈ ಊರಿಗೆ ಬರುವುದು ಅವಳಿಗೆ ಗೊತ್ತಿತ್ತು. ಈ ಮನೆಗೆ ಬಂದ ಸುದ್ದಿಯನ್ನು ಮಾತ್ರ ಹರ್ಷಿತಾ ಎತ್ತಿರಲಿಲ್ಲ. ವಿನಾಯಕ್ ಕೂತು ಕಣ್ಣೀರಿಟ್ಟಾಗ ಅವನಿಗೆ ನೀರು ತಂದು ಕೊಟ್ಟವಳು ಅವಳೇ. ಅಕ್ಕಿಚೂರು ಕಾಗದಕ್ಕೆ ಬಿದ್ದಾಗ ಅದು ಯಾರ ಮನೆಯದೆಂದು ಆ ಕೋಣೆಯಲ್ಲಿ ಜುಬೈದಾಳಿಗಿಂತ ಮೊದಲೇ ತಿಳಿದಿದ್ದವಳೂ ಅವಳೇ. ಸಿಟ್ಟಿಗಿಂತ ಮೊದಲು ಬಂದದ್ದು ಸಂಕಟ. ಮೂರು ವರ್ಷ ಒಂದೇ ಪಾತ್ರೆಯಲ್ಲಿ ಉಂಡ ಗೆಳತಿ ಅವಳು.

ಸಂಕಟದ ಹಿಂದೆಯೇ ಇನ್ನೊಂದು ನೆನಪಾಯಿತು. ಕನ್ಸೋಲ್ ಈಗ ಇರುವುದು ಹರ್ಷಿತಾಳ ಎದುರು.

ಅವಳು ಬಾಲ್ಕನಿಗೆ ಹೋಗಿ ನಂಬರು ಒತ್ತಿದಳು. ಎರಡನೇ ರಿಂಗಿಗೆ ಹರ್ಷಿತಾ ಎತ್ತಿಕೊಂಡಳು.

“ಜುಬೈದಾ! ನಿಂಗೇ ಫೋನ್ ಮಾಡೋದ್ರಲ್ಲಿದ್ದೆ. ಆನ್ ಆಯ್ತು ಕಣೆ!”

“ಬ್ಯಾಟರಿ ಹಾಕ್ಬೇಡ ಅಂತ ಹೇಳಿದ್ದೆ.”

“ಸ್ಕಂದ ಬಂದಿದ್ದ. ತಡ್ಕೊಳ್ಳೋಕಾಗ್ಲಿಲ್ಲ ಅವನಿಗೆ, ನಾನೇ ಹಾಕ್ದೆ. ದೀಪ ಬಂತು, ಶಬ್ದ ಬಂತು, ಎಲ್ಲಾ ಸರಿಯಾಗಿದೆ. ಆದ್ರೆ…” ಹರ್ಷಿತಾ ತಡೆದಳು. “ಒಳಗೆ ಏನೂ ಇಲ್ಲ. ಆಟ ಇಲ್ಲ, ಚಿತ್ರ ಇಲ್ಲ. ಅಂಗಡಿಯಿಂದ ಈಗ ತಂದ ಹಾಗಿದೆ.”

ಜುಬೈದಾ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ನೀರು ಯಂತ್ರವನ್ನು ಕೊಲ್ಲಬಹುದು, ಅರೆಜೀವ ಮಾಡಬಹುದು. ಒಳಗನ್ನು ಗುಡಿಸಿ ಸಾರಿಸಿ ಹೋಗುವುದಿಲ್ಲ. ಆ ಕೆಲಸಕ್ಕೆ ಕೈ ಬೇಕು, ಬ್ಯಾಟರಿ ಬೇಕು, ಪಕ್ಕದಲ್ಲಿ ಯಾರೂ ಇಲ್ಲದ ಸ್ವಲ್ಪ ಹೊತ್ತು ಬೇಕು. ನೀರಿಗೆ ಬೀಳುವ ಗಳಿಗೆಯಲ್ಲಿ ಕೃಷ್ಣಾನಂದರ ದೋಣಿ ಆರನೇ ದ್ವೀಪದಲ್ಲಿತ್ತು. ಅಂದರೆ ಅಳಿಸಿದ್ದು ಇವತ್ತೇ, ಹರ್ಷಿತಾಳೇ; ಯಾಕೆ ಎಂಬುದು ಮಾತ್ರ ಜುಬೈದಾಳಿಗೆ ಹೊಳೆಯಲಿಲ್ಲ.

“ಸ್ಕಂದ ಏನು ಹೇಳಿದ?” ಎಂದಳು.

“ಅತ್ತುಬಿಟ್ಟ ಕಣೆ. ವಿನಾಯಕ್ ಮೊದಲೇ ಎಲ್ಲಾ ಅಳಿಸಿ ಆಮೇಲೆ ನೀರಿಗೆ ಹಾಕಿರ್ಬೇಕು ಅಂತ ನಾನಂದೆ. ಹೌದು ಅಂದ. ಸೋಮವಾರದವರೆಗೆ ಯಾಕೆ ಅಂತ ಇಲ್ಲೇ ಕೂತು ಆಫೀಸಿಗೆ ಮೇಲ್ ಕಳಿಸ್ಬಿಟ್ಟ. ಆಗ್ಲೇ ಉತ್ತರನೂ ಬಂತು, ವಿನಾಯಕನನ್ನ ನಾಳೆ ಗೇಟಿನಲ್ಲೇ ತಡೀತಾರಂತೆ.”

“ಫೋನು ಸ್ಕಂದನಿಗೆ ಕೊಡು ಹರ್ಷಿತಾ.”

ಅಷ್ಟರಲ್ಲಿ ಒಳಗಿನಿಂದ ಸುಮಿತ್ರ, “ಪಾಯಸ ಆರಿಹೋಗುತ್ತೆ ಬಾರಮ್ಮ ಜುಬೈದಾ,” ಎಂದು ಗಟ್ಟಿಯಾಗಿ ಕರೆದರು.

ಹರ್ಷಿತಾ ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಗಾಬರಿಯೂ ಇರಲಿಲ್ಲ, ಗೆಳೆತನವೂ ಇರಲಿಲ್ಲ.

“ಅದು ಸುಮಿತ್ರ ಆಂಟಿ ದನಿ ಅಲ್ವಾ?” ಎಂದಳು. “ಸ್ಕಂದ ಆಗ್ಲೇ ಹೊರಟುಹೋದ ಜುಬೈದಾ. ಈಗ ಮನೇಲಿ ನಾನು, ಈ ಕನ್ಸೋಲ್, ಇಬ್ರೇ.”

ಫೋನು ಕಟ್ಟಾಯಿತು.